ಯುವಕ ಸಂಘಕ್ಕೆ ದೊಡ್ಡಮ್ಮ ಕೊಟ್ಟ ತೋಟ

ದಾನದ ಮಾತು ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದಾನ ಕೆಟ್ಟದ್ದು ಅಂತಲ್ಲ. ಕೊಡುವವರ ಕೈಗೂ ಪಡೆಯಬೇಕಾದವರ ಕೈಗೂ ನಡುವೆ ಬಂದು ನಿಲ್ಲುವ ಜನ ಇರುತ್ತಾರಲ್ಲ, ಅವರನ್ನು ನೆನೆಸಿಕೊಂಡು. ನಮ್ಮೂರಿನಲ್ಲಿ ಅಂಥವರನ್ನು ನಾನು ತೀರ ಹತ್ತಿರದಿಂದ ನೋಡಿದೆ. ಅವರಲ್ಲಿ ಒಬ್ಬ ನನ್ನ ಒಡಹುಟ್ಟಿದ ಅಣ್ಣ.

ನಮ್ಮೂರು ಶೆಟ್ಟಿಕೆರೆಯ ಪಕ್ಕ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಕ್ಕನಾಯಕನಹಳ್ಳಿಗೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಮುಗಿಸಿ, ಮುಂದೇನು ಅಂತ ಯಾರೂ ಹೇಳದೆ ಮನೆಯಲ್ಲಿದ್ದೆ. ಗಂಡು ನೋಡುವುದೊಂದೇ ಮುಂದಿನ ಕೆಲಸ ಎಂಬಂತೆ ಅಪ್ಪ ಅಮ್ಮ ಇದ್ದರು. ಅಣ್ಣ ಯುವಕ ಸಂಘದ ಕಾರ್ಯದರ್ಶಿ. ಸಂಘ ಅಂದರೆ ಒಂದು ವಾಲಿಬಾಲ್ ನೆಟ್ಟು, ಒಂದು ಕೇರಂ ಬೋರ್ಡು, ಈಶ್ವರನ ಗುಡಿಯ ಜಗಲಿ. ಮಳೆ ಬಂದರೆ ಸಂಘ ಮುಚ್ಚಿತು ಅಂತಲೇ ಲೆಕ್ಕ.

ಊರಿಗೆಲ್ಲ ದೊಡ್ಡಮ್ಮ ಅನ್ನಿಸಿಕೊಂಡಿದ್ದ ಹೆಂಗಸೊಬ್ಬರಿದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ಬಾಯಿ ತೆರೆದರೆ ಚಾಟಿ. ತೋಟ, ಹೊಲ, ದನ ಎಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಕೊಬ್ಬರಿ ಮಾರಲು ತಿಪಟೂರಿನ ಮಂಡಿಗೆ ತಾವೇ ಹೋಗಿ ಗಂಡಸರ ನಡುವೆ ಕೂತು ಬೆಲೆಗೆ ಜಗಳವಾಡುತ್ತಿದ್ದರು. ಯಾರಿಗೂ ಸುಲಭಕ್ಕೆ ಒಂದು ಕಾಯಿ ಕೊಟ್ಟವರಲ್ಲ. ಅವರ ತೋಟದಲ್ಲಿ ಬಿದ್ದ ಗರಿ ಎಳೆದುಕೊಂಡು ಹೋದ ತಪ್ಪಿಗೆ ನಾನೇ ಚಿಕ್ಕವಳಿದ್ದಾಗ ಬೈಸಿಕೊಂಡಿದ್ದೆ.

ಅಂಥವರ ಹುಲ್ಲಿನ ಬಣವೆಗೆ ಒಂದು ಬೇಸಗೆ ಮಧ್ಯಾಹ್ನ ಬೆಂಕಿ ಬಿತ್ತು. ಪಕ್ಕದಲ್ಲೇ ಕೊಟ್ಟಿಗೆ, ಅದಕ್ಕಂಟಿದಂತೆ ಮನೆ. ದೊಡ್ಡ ಗಂಡಸರೆಲ್ಲ ಶೆಟ್ಟಿಕೆರೆಯಲ್ಲಿ ಒಂದು ಮದುವೆಗೆ ಹೋಗಿದ್ದರು. ಊರಲ್ಲಿ ಉಳಿದವರು ನಾವು, ಹುಡುಗರು ಹುಡುಗಿಯರು. ಹುಡುಗರಲ್ಲಿ ಕೆಲವರು ಬಾವಿಗೆ ಇಳಿದು ನೀರು ತುಂಬಿದರು, ಕೆಲವರು ಬೆಂಕಿಯ ಹತ್ತಿರ ನಿಂತು ಸುರಿದರು. ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಬಿಂದಿಗೆ ದಾಟಿಸಿದವರು ನಾವು. ಲಂಗ ಎತ್ತಿ ಕಟ್ಟಿ, ಹೊಗೆಯಲ್ಲಿ ಕೆಮ್ಮುತ್ತ, ಕೈ ಬೊಬ್ಬೆ ಬರುವವರೆಗೆ. ನನ್ನ ಗೆಳತಿಯೊಬ್ಬಳು ಕೊಟ್ಟಿಗೆಗೆ ನುಗ್ಗಿ ದನಗಳ ಹಗ್ಗ ಕತ್ತರಿಸಿದಳು. ಅವಳ ಹುಬ್ಬು ಸುಟ್ಟುಹೋಗಿತ್ತು. ಬಣವೆ ಹೋಯಿತು. ಕೊಟ್ಟಿಗೆ ಮನೆ ಉಳಿದವು.

ಆಮೇಲೊಂದು ಸೋಮವಾರ ಗುಡಿಯ ಮುಂದೆ ಪೂಜೆಗೆ ಸೇರಿದ್ದ ಊರಿನ ಎದುರಿಗೆ ದೊಡ್ಡಮ್ಮ ಎದ್ದು ನಿಂತರು.

"ನಮ್ ಬಾವಿ ಹತ್ರ ಇರೋ ತೋಟನ ಸಂಘಕ್ಕೆ ಬರ್ಕೊಡ್ತೀನಿ," ಅಂದರು. "ಅದ್ರ ಉತ್ಪತ್ತೀಲಿ ಒಂದ್ ಕೋಣೆ ಕಟ್ಕಳ್ಳಿ. ಪೇಪರು ಪುಸ್ತಕ ತರಿಸ್ಕಳಿ. ಆಡ್ಕಳಿ. ಆದ್ರೆ ಒಂದ್ ಮಾತು, ಹುಡುಗ್ರಿಗೆ ಅಂತ ಮಾತ್ರ ಅಲ್ಲ. ಬಿಂದಿಗೆ ಹಿಡಿದ್ರಲ್ಲ ಹುಡುಗೀರು, ಅವ್ರಿಗೂ. ಎಲ್ರೂ ಕೇಳಿಸ್ಕಂಡ್ರಾ?"

ಎಲ್ಲರೂ ಕೇಳಿಸಿಕೊಂಡರು. ದೊಡ್ಡಮ್ಮ ಅಷ್ಟು ಗಟ್ಟಿಯಾಗಿ ಹೇಳಿದ್ದರು.

ತೋಟ ಸಂಘದ ಹೆಸರಿಗೆ ಬಂದ ಮೇಲೆ ಊರಿನ ಹಿರಿಯರಿಗೆ ಒಮ್ಮೆಲೇ ಯುವಕರ ಮೇಲೆ ಅಕ್ಕರೆ ಉಕ್ಕಿತು. ಅದುವರೆಗೆ ಕೇರಂ ಆಡುವ ಹುಡುಗರನ್ನು ಪೋಲಿಗಳು ಅನ್ನುತ್ತಿದ್ದವರು, ಇಷ್ಟು ದೊಡ್ಡ ಆಸ್ತಿ ಹುಡುಗು ಬುದ್ಧಿಯವರ ಕೈಗೆ ಕೊಡಬಾರದು ಅಂತ ದತ್ತಿ ಸಮಿತಿ ಮಾಡಿದರು. ಅದರಲ್ಲಿ ಒಬ್ಬ ಯುವಕನೂ ಇರಲಿಲ್ಲ. ಅಧ್ಯಕ್ಷರಾದವರು ಕೊಬ್ಬರಿ ವ್ಯಾಪಾರಿ, ಊರಿಗೇ ಅನುಕೂಲಸ್ಥರು. ಅಣ್ಣನಿಗೆ ಸಭೆಯ ಬಾಗಿಲಲ್ಲಿ ನಿಂತು ಬಂದವರಿಗೆ ಕಾಫಿ ಕೊಡಿಸುವ ಕೆಲಸ ಸಿಕ್ಕಿತು. ಅವನು ಅದನ್ನೇ ದೊಡ್ಡ ಅಧಿಕಾರ ಅಂದುಕೊಂಡ.

ಕಟ್ಟಡ ಏಳತೊಡಗಿತು. ನಾವು ಹುಡುಗಿಯರು ನೀರಿಗೆ ಹೋಗುವಾಗ ಬರುವಾಗ ಗೋಡೆ ಎಷ್ಟು ಎತ್ತರ ಬಂತು ಅಂತ ನೋಡುತ್ತಿದ್ದೆವು. ಒಂದು ದಿನ ನೋಡಿದರೆ ಸೂರಿನ ಕೆಳಗೆ ದಪ್ಪ ದಪ್ಪ ತೊಲೆ ಜೋಡಿಸಿ ಅಟ್ಟ ಹಾಕುತ್ತಿದ್ದಾರೆ. ನಮ್ಮ ಕಡೆ ಅಟ್ಟ ಯಾಕೆ ಹಾಕುತ್ತಾರೆ ಅಂತ ಮಗುವಿಗೂ ಗೊತ್ತು. ಬಲಿತ ಕಾಯನ್ನು ಅಟ್ಟದ ಮೇಲೆ ರಾಶಿ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ ವರ್ಷವಿಡೀ ಬಿಡುತ್ತಾರೆ.

"ಓದೋ ಕೋಣೆಗೆ ಅಟ್ಟ ಯಾಕಣ್ಣ?" ಅಂತ ಕೇಳಿದೆ.

"ಸಂಘದ್ ತೋಟದ ಕಾಯಿ ಎಲ್ಲಿ ಹಾಕಾದು? ನಿನಗ್ಯಾಕೆ ಅದೆಲ್ಲ, ಸುಮ್ಕಿರು," ಅಂದ.

ಆ ಅಟ್ಟಕ್ಕೆ ಏರಿದ್ದು ಸಂಘದ ಕಾಯಿ ಒಂದು ಮೂಲೆ. ಉಳಿದದ್ದೆಲ್ಲ ಅಧ್ಯಕ್ಷರ ಕಾಯಿ. ಮಳೆಗಾಲದಲ್ಲಿ ಕಾಯಿ ಬೆಚ್ಚಗಿರಲಿ ಅಂತ ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಬೇರೆ ಹಾಕಿಸುತ್ತಿದ್ದರು. ಪೇಪರು ಓದುವ ಮೇಜಿನ ಪಕ್ಕದಲ್ಲೇ.

ಉದ್ಘಾಟನೆಗೆ ಮಾತ್ರ ನಾವು ಬೇಕಾದೆವು. ರಂಗೋಲಿ ಹಾಕಲು, ಪ್ರಾರ್ಥನೆ ಹಾಡಲು, ಹಾರದ ತಟ್ಟೆ ಹಿಡಿದು ನಿಲ್ಲಲು, ಅತಿಥಿಗಳಿಗೆ ಆರತಿ ಎತ್ತಲು. ತುಮಕೂರಿನಿಂದ ಬಂದ ದೊಡ್ಡ ಮನುಷ್ಯರು ಯುವಶಕ್ತಿಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದರು. ಪರದೆ ಸರಿಸಿದಾಗ ಕಲ್ಲಿನ ಮೇಲೆ ಅಧ್ಯಕ್ಷರ ತಂದೆಯ ಹೆಸರಿತ್ತು. ಅವರ ಸ್ಮಾರಕ ಭವನವಂತೆ. ದೊಡ್ಡಮ್ಮನ ಹೆಸರನ್ನು ಎಲ್ಲೂ ಹಾಕಿರಲಿಲ್ಲ. ಅವರು ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದರು.

ನಾನು ತಟ್ಟೆ ಹಿಡಿದುಕೊಂಡೇ ಅವರ ಹತ್ತಿರ ಹೋಗಿ, "ದೊಡ್ಡಮ್ಮ, ನಿಮ್ಮ ಹೆಸ್ರೇ ಇಲ್ವಲ್ಲ!" ಅಂದೆ.

"ಕಲ್ಲಲ್ಲಿ ಹೆಸ್ರು ಬರ್ಸಕ್ಕೆ ನಾನೇನ್ ಸತ್ತಿದೀನೇನೇ? ಬುಡು. ನಾಳೆ ನೀವು ಒಳಗ್ ಕೂತ್ಕಂಡು ಓದ್ರಿ, ಅಷ್ಟ್ ಸಾಕು," ಅಂದರು.

ಮಾರನೆಯ ಭಾನುವಾರ ನಾವು ತಲೆ ಬಾಚಿಕೊಂಡು, ಮೊದಲ ದಿನ ಶಾಲೆಗೆ ಹೋಗುವವರ ಹಾಗೆ ಹೋದೆವು. ಬಾಗಿಲಲ್ಲೇ ಅಣ್ಣ ಕೈ ಅಡ್ಡ ಹಿಡಿದ. ಅವನ ಹಿಂದೆ ಹುಡುಗರು ಕೇರಂ ಆಡುತ್ತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ.

"ಹೆಣ್ಮಕ್ಳು ಒಳಕ್ಕೆ ಬರ್ಕೂಡ್ದು ಅಂತ ಅಧ್ಯಕ್ಷರು ಹೇಳವ್ರೆ ಕಣೇ. ಊರಿನ್ ಮರ್ಯಾದೆ ಪ್ರಶ್ನೆ."

"ಮೊನ್ನೆ ಆರತಿ ಎತ್ತುವಾಗ ಎಲ್ಲೋಗಿತ್ತು ಮರ್ಯಾದೆ?" ಅಂದಳು ಹುಬ್ಬು ಸುಟ್ಟುಕೊಂಡಿದ್ದ ನನ್ನ ಗೆಳತಿ.

ಒಳಗಿನಿಂದ ಯಾರೋ ನಕ್ಕರು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಅಧ್ಯಕ್ಷರ ಮೇಲಿನ ಸಿಟ್ಟಿಗಿಂತ ಆ ಹುಡುಗರ ಮೇಲಿನ ಸಿಟ್ಟು ನನಗೆ ಹೆಚ್ಚು. ಅಧ್ಯಕ್ಷರು ನಮ್ಮನ್ನು ಎಂದೂ ಮನುಷ್ಯರು ಅಂತ ಎಣಿಸಿರಲಿಲ್ಲ. ಈ ಹುಡುಗರು ಬೆಂಕಿಯ ದಿನ ನಮ್ಮ ಕೈಯಿಂದಲೇ ಬಿಂದಿಗೆ ಇಸಿದುಕೊಂಡಿದ್ದರು.

ಮನೆಗೆ ಬಂದು ಕೂಗಾಡಿದೆ. ಅಮ್ಮ ರಾಗಿ ಬೀಸುವುದನ್ನು ನಿಲ್ಲಿಸದೆ, "ನಾಳೆ ನಿನ್ನ ನೋಡಕ್ಕೆ ಬರೋರ ಕಿವೀಗೆ ಬಿದ್ರೆ ಏನ್ ಗತಿ?" ಅಂದಳು. ಅಪ್ಪ, "ಬುಡವ್ವ, ದೊಡ್ಡೋರ್ ಸಹವಾಸ ನಮಗ್ಯಾಕೆ," ಅಂದು ತೋಟಕ್ಕೆ ಹೋದರು. ಆ ಅಧ್ಯಕ್ಷರೇ ನಮ್ಮ ಕೊಬ್ಬರಿ ಕೊಳ್ಳುವವರು. ಅಪ್ಪನ ಮಾತಿನ ಹಿಂದೆ ಅದಿತ್ತು.

ನಾವು ನೇರ ದೊಡ್ಡಮ್ಮನ ಮನೆಗೆ ಹೋದೆವು. ಅವರು ಕೊನೆಯವರೆಗೂ ಕೇಳಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಸೆರಗು ಬಿಗಿದು, "ನಡೀರೇ," ಅಂದರು.

ಅಧ್ಯಕ್ಷರು ತಮ್ಮ ಮನೆ ಜಗಲಿಯ ಮೇಲೆ ನಾಲ್ಕು ಜನರೊಂದಿಗೆ ಕೂತಿದ್ದರು. ದೊಡ್ಡಮ್ಮ ಮೇಲೆ ಹತ್ತಲಿಲ್ಲ. ಬೀದಿಯಲ್ಲೇ ನಿಂತು ಕೇಳಿದರು.

"ಏನಪ್ಪ, ನಾನು ಗುಡಿ ಮುಂದೆ ಹೇಳಿದ್ದು ಏನು, ನೀನು ಮಾಡ್ತಿರೋದು ಏನು?"

"ಬನ್ನಿ ದೊಡ್ಡಮ್ಮ, ಕೂತ್ಕಳಿ," ಅಂದರು ಅಧ್ಯಕ್ಷರು ನಗುತ್ತ. "ನೀವು ಧರ್ಮಕ್ಕೆ ಕೊಟ್ರಿ, ಪುಣ್ಯ ಬಂತು. ಅಲ್ಲಿಗ್ ಮುಗೀತು. ಕನ್ಯಾದಾನ ಮಾಡಿದ್ ಮ್ಯಾಲೆ ಅಪ್ಪ ಆದೋನು ಅಳಿಯನ್ ಮನೇಲಿ ಅಧಿಕಾರ ಮಾಡ್ತಾನಾ?"

ಜಗಲಿಯವರೆಲ್ಲ ತಲೆದೂಗಿದರು.

"ಅಧಿಕಾರ ಮಾಡಲ್ಲ ಕಣಪ್ಪ. ಆದ್ರೆ ಅಳಿಯ ಮಗಳಿಗೆ ಅನ್ನ ಹಾಕ್ದೆ ಹೊರಗ್ ನಿಲ್ಸಿದ್ರೆ, ಹೋಗಿ ಅವನ ಜುಟ್ಟು ಹಿಡ್ದು ಕೇಳ್ತಾನೆ. ಕೇಳ್ದೆ ಇದ್ರೆ ಅವ್ನು ಅಪ್ಪ ಅಲ್ಲ."

ಅಧ್ಯಕ್ಷರ ನಗು ನಿಂತಿತು. "ಹೆಂಗಸ್ರ ಹತ್ರ ನಾನು ಬೀದೀಲಿ ಮಾತಾಡಾದಿಲ್ಲ," ಅಂದು ಎದ್ದು ಒಳಗೆ ಹೋದರು. ನಾಲ್ಕು ಜನರೂ ನಮ್ಮನ್ನು ನೋಡಲಿಲ್ಲ.

ಸಂಘದ ತೋಟದಲ್ಲಿ ಕಾಯಿ ಕೆಡವುವ ದಿನ ಬಂತು. ಬೆಳಿಗ್ಗೆ ಆಳುಗಳು ಬರುವ ಹೊತ್ತಿಗೆ ದೊಡ್ಡಮ್ಮ ತಮ್ಮ ಮನೆಯ ಹಗ್ಗದ ಮಂಚವನ್ನು ತೋಟದ ನಡುವೆ ಹಾಕಿಸಿಕೊಂಡು ಕೂತಿದ್ದರು. ನಾವು ಹುಡುಗಿಯರು ಒಬ್ಬೊಬ್ಬರು ಒಂದೊಂದು ಮರದ ಬುಡದಲ್ಲಿ ಕೂತೆವು. ಹೇಳಿಕೊಟ್ಟವರು ದೊಡ್ಡಮ್ಮನೇ. ಆಳುಗಳು ನಮ್ಮನ್ನು ನೋಡಿದರು, ಮೇಲೆ ಗೊನೆ ನೋಡಿದರು, ಕುಡುಗೋಲು ಕೆಳಗಿಟ್ಟು ಬೀಡಿ ಹಚ್ಚಿದರು.

ಅಧ್ಯಕ್ಷರು ಬಂದು ರೇಗಿದರು. "ಹತ್ರೋ ಮರನ! ಏನ್ ನೋಡ್ತಾ ಕುಂತ್ರಿ?"

"ಹೆಣ್ಮಕ್ಳ ತಲೆ ಮ್ಯಾಲೆ ಕಾಯಿ ಕೆಡವಕ್ಕಾಯ್ತದಾ ಯಜಮಾನ್ರೇ?" ಅಂದ ಆಳುಗಳಲ್ಲಿ ಹಿರಿಯ. "ನೀವೇ ಎಬ್ಬಿಸ್ರಿ, ಹತ್ತೀವಿ."

ಅವರು ನಮ್ಮನ್ನು ಕೈ ಹಿಡಿದು ಎಬ್ಬಿಸುವಂತಿರಲಿಲ್ಲ. ಅದೂ ಮರ್ಯಾದೆಯ ಪ್ರಶ್ನೆಯೇ ಆಗಿತ್ತು. ಹಾಗಾಗಿ ನಮ್ಮ ಅಪ್ಪಂದಿರಿಗೆ ಹೇಳಿ ಕಳಿಸಿದರು.

ಒಬ್ಬೊಬ್ಬರೇ ಬಂದರು. ಒಬ್ಬ ಹುಡುಗಿಯನ್ನು ಅವಳಪ್ಪ ಜಡೆ ಹಿಡಿದು ಎಳೆದುಕೊಂಡು ಹೋದ. ಅವಳು ಸಂಜೆಯೊಳಗೆ ಮತ್ತೆ ಬಂದು ಅದೇ ಮರದ ಕೆಳಗೆ ಕೂತಳು, ಕೆನ್ನೆ ಊದಿಕೊಂಡಿತ್ತು. ನಮ್ಮಪ್ಪ ಬರುವುದು ಕಂಡಾಗ ಹೆದರಿಕೆಯಿಂದ ಮರವನ್ನೇ ತಬ್ಬಿಕೊಂಡೆ. ಅಪ್ಪ ನನ್ನ ಮುಂದೆ ಬಂದು ನಿಂತರು. ಬೈಯಲಿಲ್ಲ. ಹೊಡೆಯಲಿಲ್ಲ. ಆಚೆ ಹೋಗಿ ಬದುವಿನ ಮೇಲೆ ನಮಗೆ ಬೆನ್ನು ಹಾಕಿಕೊಂಡು ಕೂತರು. ಅಧ್ಯಕ್ಷರು ಕೂಗಿದರು. "ಮಗಳನ್ನ ಕರ್ಕಂಡೋಗು ಅಂದ್ರೆ ನೀನೂ ಕುಂತ್ಯಲ್ಲಯ್ಯ!"

"ಕರ್ದೆ. ಬರಲ್ಲ ಅಂತಾಳೆ," ಅಂದರು ಅಪ್ಪ. ನನ್ನನ್ನು ಅವರು ಕರೆದೇ ಇರಲಿಲ್ಲ.

ಆ ವರ್ಷ ನಮ್ಮ ಕೊಬ್ಬರಿಯನ್ನು ಅಧ್ಯಕ್ಷರು ಕೊಳ್ಳಲಿಲ್ಲ. ಅಪ್ಪ ಗಾಡಿ ಕಟ್ಟಿ ತಿಪಟೂರಿಗೆ ತಾವೇ ಒಯ್ದರು.

ಹಲವು ದಿನ ಹೀಗೇ ನಡೆಯಿತು. ಕಾಯಿ ತಾನಾಗಿ ಉದುರಲು ಶುರುವಾದಾಗ ದೊಡ್ಡಮ್ಮ ನಮ್ಮನ್ನೆಲ್ಲ ಮರದಿಂದ ದೂರ ಕೂರಿಸಿದರು, ತಾವು ಮಾತ್ರ ಮಂಚ ಕದಲಿಸಲಿಲ್ಲ. ಕೊನೆಗೆ ಅಕ್ಕಪಕ್ಕದ ಊರುಗಳಲ್ಲಿ ಜನ ನಗತೊಡಗಿದ ಮೇಲೆ ಹಿರಿಯರು ಗುಡಿ ಮುಂದೆ ಸೇರಿ ತೀರ್ಮಾನ ಕೊಟ್ಟರು. ಹುಡುಗಿಯರಿಗೆ ವಾರದಲ್ಲಿ ಎರಡು ಮಧ್ಯಾಹ್ನ. ಆಗ ಹುಡುಗರು ಬರಕೂಡದು. ಹಿರಿಯ ಹೆಂಗಸೊಬ್ಬರು ಕಾವಲಿಗೆ ಇರಬೇಕು. ಅಟ್ಟದ ಕಾಯಿ ಮಾತ್ರ ಒಣಗುವವರೆಗೆ ಇರಲಿ.

ನನಗೆ ಅಳು ಬಂತು. ನಮಗೆ ಅಂತಲೇ ಕೊಟ್ಟದ್ದರಲ್ಲಿ ನಮಗೆ ಎರಡು ಮಧ್ಯಾಹ್ನದ ಭಿಕ್ಷೆ, ಅದಕ್ಕೆ ಕಾವಲು ಬೇರೆ. "ನಾನ್ ಹೋಗಲ್ಲ ದೊಡ್ಡಮ್ಮ. ಅವ್ರ ಉಪಕಾರ ನಮಗ್ ಬೇಡ," ಅಂದೆ.

"ಯಾರ ಉಪಕಾರನೇ? ತೋಟ ನಂದು, ಬೆವರು ನಿಮ್ದು. ಅವ್ರದೇನೈತೆ ಅಲ್ಲಿ? ಕಾಯಿ ಐತೆ, ಹೊಗೆ ಐತೆ. ಮೊದ್ಲು ಒಳಕ್ಕೋಗ್ ಕುಂತ್ಕ. ಜಗಳ ಒಳಗ್ ಕುಂತ್ಕಂಡೂ ಆಡ್ಬೋದು," ಅಂದರು.

ಕಾವಲಿನ ಹಿರಿಯ ಹೆಂಗಸಾಗಿ ಅವರೇ ಬಂದರು. ಬಾಗಿಲಲ್ಲಿ ಕಾಲು ಚಾಚಿ ಕೂತು, ಪೇಪರನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಸುದ್ದಿ ಒಪ್ಪಿಗೆಯಾಗದಿದ್ದರೆ ಓದಿದವಳಿಗೇ ಬೈಯುತ್ತಿದ್ದರು. ಹೊಗೆಯ ಸಿಪ್ಪೆಯ ಮೇಲೆ ಬಿಂದಿಗೆಯಷ್ಟು ನೀರು ಸುರಿದು, ಯಾರಾದರೂ ಕೇಳಿದರೆ, "ಬೆಂಕಿ ಕಂಡ್ರೆ ನಂಗೆ ಭಯ ಕಣಪ್ಪ," ಅನ್ನುತ್ತಿದ್ದರು. ಅಂಗಳದಲ್ಲಿ ನಾವು ಖೋ ಖೋ ಆಡಿದೆವು. ದೂರು ಹೋಯಿತು. ಮತ್ತೆ ಆಡಿದೆವು. ಹುಬ್ಬು ಸುಟ್ಟಿದ್ದ ಗೆಳತಿ ಅಲ್ಲಿಯ ಪೇಪರಿನಲ್ಲಿ ಕಂಡ ಜಾಹೀರಾತು ಹಿಡಿದು ನರ್ಸ್ ತರಬೇತಿಗೆ ಹೋದಳು. ನಾನು ಅಲ್ಲಿದ್ದ ಪುಸ್ತಕಗಳನ್ನೆಲ್ಲ ಎರಡೆರಡು ಸಲ ಓದಿದೆ. ಆಮೇಲೆ ತುರುವೇಕೆರೆಗೆ ಮದುವೆಯಾಗಿ ಬಂದೆ.

ದೊಡ್ಡಮ್ಮ ಎಂಬತ್ತರ ದಶಕದ ಮೊದಲಲ್ಲಿ ತೀರಿಕೊಂಡರು. ಆಗ ನನ್ನ ಬಾಣಂತನ, ಮಣ್ಣಿಗೆ ಹೋಗಲಾಗಲಿಲ್ಲ.

ಮತ್ತೆ ಕೆಲವು ವರ್ಷ ಕಳೆದು ಅಣ್ಣ ನನ್ನ ಮನೆಗೆ ಬಂದ. ಆ ಹೊತ್ತಿಗೆ ದತ್ತಿ ಸಮಿತಿಗೆ ಅವನೇ ಅಧ್ಯಕ್ಷ. ಊಟವಾದ ಮೇಲೆ ಎಲೆ ಹಾಕಿಕೊಳ್ಳುತ್ತ, "ಸಂಘದ ವಾರ್ಷಿಕೋತ್ಸವ ಐತೆ ಕಣವ್ವ," ಅಂದ. "ಊರಿಂದ ಹೊರಗೋದ ಹೆಣ್ಮಕ್ಳೆಲ್ಲ ಒಂದೊಂದ್ ದತ್ತಿ ಇಡ್ಲಿ ಅಂತ ಮಾಡಿದೀವಿ. ದೊಡ್ಡಮ್ಮನ ಹೆಸ್ರಲ್ಲಿ ಒಂದು ಬಹುಮಾನ ನೀನು ಇಡ್ಬೇಕು."

ದೊಡ್ಡಮ್ಮನ ಹೆಸರು ಅವನ ಬಾಯಲ್ಲಿ ಬಂದದ್ದಕ್ಕೆ ಒಂದು ಕ್ಷಣ ಮನಸ್ಸು ಮೆತ್ತಗಾಯಿತು. "ಹುಡುಗೀರ ಮಧ್ಯಾಹ್ನ ನಡೀತದಾ ಈಗ?" ಅಂತ ಕೇಳಿದೆ.

"ಅಯ್ಯೋ, ಅದೆಲ್ಲ ನಿಮ್ ಕಾಲಕ್ಕೇ ನಿಂತೋಯ್ತು. ಈಗ ಭವನನ ಗೊಬ್ಬರದಂಗಡಿಗೆ ಬಾಡಿಗೆಗೆ ಕೊಟ್ಟಿದೀವಿ. ಸಂಘಕ್ಕೆ ಆದಾಯ ಬ್ಯಾಡ್ವಾ?"

"ಹುಡುಗ್ರು ಎಲ್ಲಿ ಕೂರ್ತಾರೆ?"

"ಗುಡಿ ಜಗಲಿ ಮ್ಯಾಲೆ."

ನಾನು ಎದ್ದು ನಿಂತುಬಿಟ್ಟೆ. ತೋಟ ಇದೆ, ಭವನ ಇದೆ, ಸಮಿತಿ ಇದೆ, ವಾರ್ಷಿಕೋತ್ಸವ ಇದೆ. ಯುವಕರು ಮಾತ್ರ ಮೊದಲಿನ ಜಗಲಿಯ ಮೇಲೆ. ಗೊಬ್ಬರದ ಮೂಟೆಗೆ ನೆರಳು ಮಾಡಲು ಆ ಹೆಂಗಸು ತೋಟ ಕೊಟ್ಟರೇ? ಏನು ಅಂದೆನೋ ಎಲ್ಲ ನೆನಪಿಲ್ಲ. "ಅವರ ಹೆಸ್ರು ಎತ್ತೋಕೆ ನಿನಗೆ ನಾಚ್ಕೆ ಆಗಲ್ವಾ?" ಅಂದದ್ದು ನೆನಪಿದೆ. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿದರು. ಅಣ್ಣ, "ಹಣ ಕೊಡಕ್ಕಾಗ್ದೆ ಇದ್ರೆ ಇಲ್ಲ ಅನ್ನು, ಬೈಬ್ಯಾಡ," ಅಂತ ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಹೋದ.

ಸಿಟ್ಟು ಇಳಿಯಲಿಲ್ಲ. ನರ್ಸ್ ಗೆಳತಿ ಆಗ ತಿಪಟೂರಿನಲ್ಲಿದ್ದಳು. ಅವಳ ಮನೆಗೆ ಹೋಗಿ ಹೇಳಿದೆ. ಅವಳು ಅರಳಗುಪ್ಪೆಗೆ ಕೊಟ್ಟಿದ್ದ ಇನ್ನೊಬ್ಬಳಿಗೆ ಹೇಳಿದಳು. ಹೀಗೆ ಅಂದು ಮರಗಳ ಕೆಳಗೆ ಕೂತಿದ್ದವರಿಗೆಲ್ಲ ಸುದ್ದಿ ಮುಟ್ಟಿತು. ಅಣ್ಣ ಹೋದ ಕಡೆಯೆಲ್ಲ ಅವನಿಗೆ ಕಾಫಿ ಸಿಕ್ಕಿತು, ಉಪ್ಪಿಟ್ಟು ಸಿಕ್ಕಿತು, ದತ್ತಿ ಸಿಗಲಿಲ್ಲ. ಎಲ್ಲರದೂ ಒಂದೇ ಮಾತು: ಗೊಬ್ಬರ ಹೊರಗೆ ಹೋಗಲಿ, ಸಮಿತಿಯಲ್ಲಿ ಹುಡುಗ ಹುಡುಗಿಯರು ಕೂರಲಿ, ಆಮೇಲೆ ಬಾ.

ಅಣ್ಣ ನನ್ನೊಂದಿಗೆ ಮಾತು ಬಿಟ್ಟ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನವೂ ಬರಲಿಲ್ಲ. ಅಮ್ಮ ಅತ್ತಳಂತೆ. ನನಗೂ ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ಒಂದು ಭಾನುವಾರ ನಾವೆಲ್ಲ ಸೇರಿ ಊರಿಗೇ ಹೋಗಿ, ಗುಡಿ ಮುಂದೆ ದೊಡ್ಡಮ್ಮ ಹೇಳಿದ್ದ ಮಾತನ್ನು ಅದೇ ಜಾಗದಲ್ಲಿ ನಿಂತು ಹೇಳಿದೆವು. ಕೇಳಿಸಿಕೊಂಡಿದ್ದ ಮುದುಕರು ಇನ್ನೂ ಇದ್ದರು. "ಹೂಂ ಕಣಪ್ಪ, ಹಂಗೇ ಅಂದಿದ್ಲು ಆಯಮ್ಮ," ಅಂದರು ಇಬ್ಬರು. ಅದುವರೆಗೆ ಜಗಲಿಯ ಮೇಲೆ ಕೂತು ಕೇಳುತ್ತಿದ್ದ ಹುಡುಗರು ಇಳಿದು ಬಂದು ನಮ್ಮ ಪಕ್ಕ ನಿಂತರು. ಈ ಹುಡುಗರು ನಗಲಿಲ್ಲ.

ಗೊಬ್ಬರದಂಗಡಿ ಹೋಗಲು ಮತ್ತೊಂದು ವರ್ಷ ಹಿಡಿಯಿತು. ಸಮಿತಿಗೆ ಮೂವರು ಹೊಸಬರು ಬಂದರು, ಅವರಲ್ಲಿ ಒಬ್ಬಳು ಚಿಕ್ಕನಾಯಕನಹಳ್ಳಿಯಲ್ಲಿ ಕಾಲೇಜು ಓದುತ್ತಿದ್ದ ಹುಡುಗಿ. ಹಿಂದಿನ ಬಾಡಿಗೆ ಏನಾಯಿತು ಅಂತ ಯಾರೂ ಹೇಳಲಿಲ್ಲ. ಅಣ್ಣ ಗೌರವ ಅಧ್ಯಕ್ಷನಾದ. ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ.

ಆದರೂ ಆಡಿದ ಮಾತಿನಂತೆ ದೊಡ್ಡಮ್ಮನ ಹೆಸರಲ್ಲಿ ನಾನು ಇಟ್ಟ ದತ್ತಿಯ ಬಗ್ಗೆ ಮಾತಾಡಲು ಆ ಕಾಲೇಜು ಹುಡುಗಿಯೇ ತುರುವೇಕೆರೆಗೆ ಬಂದಳು. ರೊಟ್ಟಿ ತಿನ್ನುತ್ತ ಎಲ್ಲ ಕೇಳಿಸಿಕೊಂಡಳು. ಚೆನ್ನಾಗಿ ಓದಿದ ಹುಡುಗಿಗೆ ಪ್ರತಿ ವರ್ಷ ಬಹುಮಾನ ಕೊಡಬೇಕು, ಅದನ್ನು ನಾನೇ ಬಂದು ಕೊಡುತ್ತೇನೆ ಅಂತ ನಾನು ಹೇಳುತ್ತಿದ್ದೆ.

"ಬಹುಮಾನ ಬೇಡ ಅಕ್ಕ," ಅಂದಳು. "ಓದೋರು ಹೆಂಗೂ ಓದ್ತಾರೆ. ಸಂಜೆ ಬಸ್ಸಿಲ್ಲ ಅಂತ ಎಷ್ಟೋ ಜನ ಕಾಲೇಜು ಬಿಟ್ಟವ್ರೆ. ಅವ್ರಿಗೆ ಸೈಕಲ್ ಕೊಡಿಸ್ತೀವಿ. ಯಾರಿಗೆ ಅಂತ ನಾವೇ ಕೂತು ನೋಡ್ತೀವಿ. ನೀವು ನಮಗೆ ಬಿಡ್ಬೇಕು."

ನನಗೆ ಮೊದಲು ಸಿಟ್ಟೇ ಬಂತು. ಇಷ್ಟೆಲ್ಲ ಹೋರಾಡಿದ್ದು ನಾವು, ನನ್ನ ದುಡ್ಡಿನ ಬಗ್ಗೆ ನನಗೇ ಹೇಳುತ್ತಾಳಲ್ಲ ಅಂತ. ಅವಳು ಕಣ್ಣು ತಪ್ಪಿಸದೆ ಕೂತಿದ್ದಳು. ಒಳಗೆ ಹೋಗಿ ಅವಳಿಗೆ ಇನ್ನೊಂದು ರೊಟ್ಟಿ ತಂದು ಹಾಕಿ, ಎಂಥ ಸೈಕಲ್ಲು, ಎಲ್ಲಿ ಕೊಳ್ಳುತ್ತೀರಿ ಅಂತ ಕೇಳಿದೆ.